ಬಾದಾಮಿ ಎಲೆಯ ಕೆಂಪು

ಕಳೆದ ಸಂಚಿಕೆಯಲ್ಲಿ ಈ ಅಂಕಣ ಇರಲಿಲ್ಲ. ಸಂಪಾದಕರು ಎರಡು ಸಲ ನೆನಪಿಸಿದರು, ಮೂರನೆಯ ಸಲ ಕೇಳುವುದನ್ನೇ ಬಿಟ್ಟರು. ಮನೆ ಖಾಲಿ ಮಾಡುವ ಗಡಿಬಿಡಿ ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಮೂರು ವಾರ ನಾನು ಪೆಟ್ಟಿಗೆ ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಒಂದು ಎಲೆಯ ಎದುರು ಕೂತಿದ್ದೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಭಾನುವಾರದ ಚಿತ್ರಕಲೆ ತರಗತಿಗೆ ಹೋಗುತ್ತಿರುವ ವಿಷಯ ಹಿಂದೊಮ್ಮೆ ಬರೆದಿದ್ದೆ. ನಾವು ಹನ್ನೆರಡು ಮಂದಿ, ಹೆಚ್ಚಿನವರು ನನ್ನ ಹಾಗೆ ಕನ್ನಡಕದವರು. ಕಲಿಸುವ ಸರ್ ಮರಾಠಿಯವರು, ಮಾತು ಕಡಿಮೆ. ದಸರಾ ಕಳೆದ ಭಾನುವಾರ ಅವರು ಕೊಟ್ಟ ವಿಷಯ ‘ಆಟಮ್ ಲೀವ್ಸ್’. ನಾನು ಮೊಬೈಲಿನಲ್ಲಿ ಹುಡುಕಿ, ಅಮೆರಿಕದ ಯಾವುದೋ ರಸ್ತೆಯಲ್ಲಿ ಬಿದ್ದ ಮೇಪಲ್ ಎಲೆಯ ಫೋಟೋ ನೋಡಿಕೊಂಡು ಬರೆದೆ. ಕೆಂಪು ಚೆನ್ನಾಗಿಯೇ ಬಂತು. ಮನೆಗೆ ತಂದು ಅಮ್ಮನಿಗೆ ತೋರಿಸಿದೆ.

ಅಮ್ಮನಿಗೆ ಎಂಬತ್ತನಾಲ್ಕು. ಉಡುಪಿಯ ಕಡೆಯ ಹಳ್ಳಿಯ ಮನೆ ಬಿಟ್ಟು ಆರು ವರ್ಷಗಳಿಂದ ಮುಲುಂಡ್ ಪೂರ್ವದ ನಮ್ಮ ಮನೆಯಲ್ಲಿದ್ದಾಳೆ. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಇದು ಹರಳೆಣ್ಣೆ ಗಿಡದ ಎಲೆ ಅಲ್ವಾ? ಕೆಂಪು ಯಾಕೆ ಬಳಿದೆ? ರೋಗ ಬಂದದ್ದಾ?”

ಶರತ್ಕಾಲದ ಎಲೆ ಅಮ್ಮಾ, ಅಲ್ಲೆಲ್ಲ ಹೀಗೆ ಕೆಂಪಾಗಿ ಉದುರುತ್ತದೆ ಎಂದೆ.

“ಶರತ್ಕಾಲದಲ್ಲಿ ಎಲೆ ಉದುರುವುದುಂಟಾ? ನವರಾತ್ರಿಗೆ ನಮ್ಮಲ್ಲಿ ಗುಡ್ಡೆ ಇಡೀ ಹಸಿರು. ಎಲೆ ಬೀಳುವುದು ರಥಸಪ್ತಮಿ ಕಳೆದ ಮೇಲೆ.”

ಅವಳು ಹೇಳಿದ್ದು ಸರಿ. ಆಟಮ್ ಎಂದರೆ ಶರತ್ಕಾಲ ಎಂದು ನಾವು ಶಾಲೆಯಲ್ಲಿ ಉರು ಹೊಡೆದೆವು. ಆದರೆ ನಮ್ಮ ಶರದೃತು ಆಶ್ವಯುಜ, ಕಾರ್ತಿಕ: ಮಳೆ ತೊಳೆದ ಆಕಾಶ, ಬೆಳದಿಂಗಳು, ತೆನೆ ತುಂಬಿದ ಗದ್ದೆ. ಎಲೆ ಉದುರುವುದು ಮಾಘ, ಫಾಲ್ಗುಣದ ಶಿಶಿರದಲ್ಲಿ. ದಿಲ್ಲಿಯ ಓದುಗರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ಸ್ವೆಟರ್ ಒಳಗಿಡುವ ಹೊತ್ತಿಗೆ ಅರಳಿಮರ ಬರಿದಾಗುತ್ತದೆ. ನಮ್ಮ ದೇಶದಲ್ಲಿ ಅಕ್ಟೋಬರ್, ನವೆಂಬರಿನಲ್ಲಿ ಎಲೆ ಕೆಂಪಾಗಬೇಕಾದರೆ ಕಾಶ್ಮೀರಕ್ಕೇ ಹೋಗಬೇಕು. ಅಲ್ಲಿ ಆ ಕಾಲಕ್ಕೆ ‘ಹರುದ್’ ಎಂಬ ಹೆಸರೇ ಉಂಟು, ಚಿನಾರ್ ಮರಗಳು ಬೆಂಕಿ ಹೊತ್ತಿದ ಹಾಗೆ ನಿಲ್ಲುತ್ತವೆ. ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಬರೆದ ಅಳಿಲುಗಳ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ದೊಡ್ಡ ಚಿನಾರ್ ಮರದ ತುಂಬ ಅಳಿಲುಗಳು. ಪುಸ್ತಕದಲ್ಲಿ ಅದರ ಅಚ್ಚು ನೋಡಿದಾಗ ನನ್ನ ಕಣ್ಣು ಅಳಿಲಿನ ಮೇಲೆ ನಿಲ್ಲಲಿಲ್ಲ. ಒಂದೇ ಮರದಲ್ಲಿ ಹಸಿರು, ಹಳದಿ, ಕಿತ್ತಳೆ ಎಲ್ಲ ಬಗೆಯ ಎಲೆ, ಒಂದೊಂದೂ ಬೇರೆ. ಆತ ಮೊಬೈಲ್ ನೋಡಿ ಬರೆದದ್ದಲ್ಲ.

ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ಬಾದಾಮಿ ಮರ. ತಿನ್ನುವ ಬೆಲೆಬಾಳುವ ಬಾದಾಮಿಯಲ್ಲ. ಮುಂಬಯಿಯಲ್ಲಿ ರಸ್ತೆ ರಸ್ತೆಗೂ ಇರುವ, ಚೆನ್ನೈ, ಹೈದರಾಬಾದಿನ ಓದುಗರ ಬೀದಿಯಲ್ಲೂ ಒಂದಾದರೂ ಇದ್ದೇ ಇರುವ ಅಗಲ ಎಲೆಯ ಮರ. ಕೊಂಬೆಗಳು ನೇರ ಕಾಂಡದಿಂದ ಅಡ್ಡಡ್ಡ ಹೊರಟು ಅಂತಸ್ತು ಅಂತಸ್ತಾಗಿ ಹರಡುತ್ತವೆ, ಕಟ್ಟಡದ ಮಾಳಿಗೆಗಳ ಹಾಗೆ. ಅದರ ಮೂರನೆಯ ಮಾಳಿಗೆ ನಮ್ಮ ಮೂರನೆಯ ಮಹಡಿಯ ಅಡುಗೆಮನೆ ಕಿಟಕಿಗೆ ಸರಿಯಾಗಿ ಬರುತ್ತಿತ್ತು. ಅಮ್ಮನ ಕುರ್ಚಿ ಅಲ್ಲಿ. ಬೆಳಗ್ಗಿನ ಕಾಫಿಯಿಂದ ಸಂಜೆಯ ದೀಪದ ತನಕ ಅವಳಿಗೆ ಆ ಮರವೇ ಟಿವಿ. ಬಾವಲಿ ರಾತ್ರಿ ಕಾಯಿ ತಿಂದು ಯಾರ ಕಾರಿನ ಮೇಲೆ ಬೀಳಿಸಿತು, ಕಾಗೆ ಗೂಡಿಗೆ ಹ್ಯಾಂಗರಿನ ತಂತಿ ತಂತಾ ಇಲ್ಲವಾ, ಎಲ್ಲ ವರದಿ ನನಗೆ ಸಿಗುತ್ತಿತ್ತು.

ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಮ್ಮನ ಮಂಡಿ ಬಿಟ್ಟುಕೊಟ್ಟಿತ್ತು. ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದ ಮೇಲೆ ಹನ್ನೊಂದು ತಿಂಗಳು ಅವಳು ಕೆಳಗೆ ಇಳಿಯಲೇ ಇಲ್ಲ. ಸೊಸೈಟಿಯ ಸಭೆಯಲ್ಲಿ ರೀಡೆವಲಪ್‌ಮೆಂಟ್ ಪ್ರಸ್ತಾಪ ಬಂದಾಗ ನಾನು ಸಹಿ ಹಾಕಿದ್ದು ಅದಕ್ಕೇ. ಲಿಫ್ಟ್ ಇರುತ್ತದೆ, ಅಮ್ಮನನ್ನು ಗಾಲಿಕುರ್ಚಿಯಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬಹುದು ಎಂದು. ನಕ್ಷೆ ಹರಡಿ ಪಾರ್ಕಿಂಗ್ ಎಲ್ಲಿ, ಜಿಮ್ ಎಲ್ಲಿ ಎಂದು ತೋರಿಸುತ್ತಿದ್ದಾಗ ಮರ ಎಲ್ಲಿ ಎಂದು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಜನವರಿಯಲ್ಲಿ ಕಾಂಡಕ್ಕೆ ಒಂದು ಕಾಗದ ಅಂಟಿಸಿ ಹೋದರು: ಮರ ತೆಗೆಯುವುದಕ್ಕೆ ಆಕ್ಷೇಪ ಇದ್ದವರು ಬರೆದು ತಿಳಿಸಬೇಕು ಎಂಬ ನೋಟಿಸು. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾಯಿದೆಯ ರಕ್ಷಣೆ ಉಂಟು. ಒಬ್ಬರು ಮನಸ್ಸು ಮಾಡಿದರೆ ಕೂಡಲೇ ಕಡಿಯುವ ಹಾಗಿಲ್ಲ, ಅರ್ಜಿ ಹಾಕಿ, ನೋಟಿಸು ಹಚ್ಚಿ, ಮಂಜೂರಿ ಪಡೆಯಬೇಕು. ನಾನು ಆಕ್ಷೇಪ ಬರೆದೆ. ಬರೆಯುವಾಗ ನಾಚಿಕೆಯೂ ಆಯಿತು. ಕಟ್ಟಡ ಕೆಡವುವ ಕಾಗದದಲ್ಲೂ ನನ್ನದೇ ಸಹಿ, ಮರ ಉಳಿಸುವ ಕಾಗದದಲ್ಲೂ ನನ್ನದೇ ಸಹಿ.

ಅಮ್ಮನಿಗೆ ನೋಟಿಸಿನ ವಿಷಯ ಹೇಳಿದ್ದು ಕೆಳಮನೆಯ ಕಾಕು. ಅಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು: “ಬಾಡಿಗೆ ಮನೆಯಲ್ಲಿ ಕಿಟಕಿಯಿಂದ ಎಂಥ ಕಾಣ್ತದೆ?”

ಹನ್ನೊಂದನೆಯ ಮಹಡಿ. ಎದುರಿನ ಕಟ್ಟಡದ ನೀರಿನ ಟ್ಯಾಂಕು, ಅದರಾಚೆ ರಾಷ್ಟ್ರೀಯ ಉದ್ಯಾನದ ಗುಡ್ಡ. ಗುಡ್ಡ ಕಾಣುತ್ತದೆ ಅಮ್ಮಾ ಎಂದೆ. ಟ್ಯಾಂಕಿನ ಸುದ್ದಿ ಎತ್ತಲಿಲ್ಲ.

ಅಷ್ಟರಲ್ಲಿ ಮರಕ್ಕೆ ಬಣ್ಣ ಬಂತು. ಬಾದಾಮಿ ಮರ ನಮ್ಮಲ್ಲಿ ಆಟಮ್ ಆಡಿ ತೋರಿಸುವುದು ಜನವರಿ ಕೊನೆಗೆ. ಮೊದಲು ಅಲ್ಲೊಂದು ಇಲ್ಲೊಂದು ಎಲೆ, ಹಸಿರಿನ ನಡುವೆ ಕುಂಕುಮ ಚೆಲ್ಲಿದ ಹಾಗೆ. ಹತ್ತು ದಿನದಲ್ಲಿ ಅರ್ಧ ಮರ ಕೆಂಪು. ಎಲೆ ಉದುರುವ ಮೊದಲು ಮರ ಅದರಲ್ಲಿರುವ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದಂತೆ. ಹಸಿರು ಒಡೆದುಹೋದ ಮೇಲೆ ಕಾಣುವ ಹಳದಿ ಮೊದಲಿನಿಂದಲೂ ಎಲೆಯೊಳಗೇ ಇದ್ದದ್ದು. ಕೆಂಪು ಹಾಗಲ್ಲ, ಅದು ಹೊಸದು. ಹೋಗುವ ಹೊತ್ತಿಗೆ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ತಯಾರಾಗುವುದು. ಇದನ್ನು ಓದಿದ ದಿನ ಅಮ್ಮನಿಗೆ ಹೇಳಿದೆ. “ಸಾಯುವಾಗ ಯಾರಿಗೆ ಬೇಕು ಹೊಸ ಸೀರೆ” ಎಂದಳು.

ಈ ಮರವನ್ನೇ ಬರೆದು ಬಾಡಿಗೆ ಮನೆಯ ಗೋಡೆಗೆ ಹಾಕುವುದು ಎಂದು ನಿಶ್ಚಯ ಮಾಡಿದೆ. ಮನೆ ಬಿಡಲು ಇಪ್ಪತ್ತೆರಡು ದಿನ ಇತ್ತು. ದೊಡ್ಡ ಕಾಗದ ತಂದು ಅಮ್ಮನ ಪಕ್ಕದಲ್ಲೇ ಹಲಗೆ ಇಟ್ಟು ಕೂತೆ. ಮೊದಲ ಚಿತ್ರ ನೋಡಿ ಅಮ್ಮ ಹೇಳಿದ್ದು, “ಕೊಡೆ”. ಎರಡನೆಯದಕ್ಕೆ, “ಕೇಪಳ ಗಿಡ”. ಮೂರನೆಯದನ್ನು ನಾನೇ ಹರಿದೆ. ಕೆಂಪು ಎಲೆ ಒತ್ತೊತ್ತಾಗಿ ಹಾಕುತ್ತ ಹೋದರೆ ಹಸಿರಿಗೆ ತಾಗಿ ಎಲ್ಲ ಸೇರಿ ಕೆಸರು. ಕೆಂಪಿಗೆ ಹಸಿರು ಬೆರೆತರೆ ಕಂದು ಎಂದು ಗೊತ್ತಿದ್ದೂ ಕೈ ನಿಲ್ಲುತ್ತಿರಲಿಲ್ಲ.

ಭಾನುವಾರ ಸರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಇಷ್ಟು ಎಲೆ ಬರೆದಿದ್ದೀರಿ, ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ ಎಂದು ಕೇಳಿದರು. ಇಲ್ಲ. ಕಿಟಕಿಯಿಂದಲೇ ನೋಡಿದ್ದು.

ಅಂದು ಸಂಜೆ ಎಲೆ ಹೆಕ್ಕಲು ಕೆಳಗೆ ಇಳಿದೆ. ಅಮ್ಮ ಮೇಲೆ ಕಿಟಕಿಯಲ್ಲಿ. ನಾನೊಂದು ಎತ್ತಿ ತೋರಿಸಿದೆ.

“ಅದಲ್ಲ! ಅದರ ಬಲಕ್ಕೆ!”

ಬಲಕ್ಕೆ ಹೋದೆ.

“ನಿನ್ನ ಬಲ ಅಲ್ಲ, ನನ್ನ ಬಲ! ಸ್ಕೂಟರಿನ ಹತ್ತಿರ. ಹಾಂ, ಅದು. ಮಗುಚಿ ನೋಡು, ಹುಳು ಉಂಟಾ?”

ವಾಚ್‌ಮನ್‌ಗೆ ಕನ್ನಡ ಬಾರದು, ಆದರೂ ಅವನೂ ಕತ್ತೆತ್ತಿ ಅಮ್ಮನ ಬೆರಳು ನೋಡಿ ಹುಡುಕತೊಡಗಿದ. ಎರಡನೆಯ ಮಹಡಿಯ ಹುಡುಗ ತನ್ನ ಫೈಟರ್ ಮೀನಿನ ಬಾಟಲಿಗೆ ಹಾಕಲು ಇದೇ ಎಲೆ ಒಯ್ಯುವವನು, ಅವನಿಗೆ ಯಾವ ಎಲೆ ಚೆನ್ನ ಎಂಬ ವಿಷಯದಲ್ಲಿ ಬೇರೆಯದೇ ಅಭಿಪ್ರಾಯ. ಒಂಬತ್ತು ಎಲೆ ಆರಿಸಿ ತಂದೆ.

ಅಮ್ಮ ಅವನ್ನು ಮಡಿಲಲ್ಲಿ ಹಾಕಿಕೊಂಡಳು. ಒಂದೊಂದನ್ನೇ ಮೂಸಿದಳು. ಮತ್ತೆ ಹೇಳತೊಡಗಿದಳು. ನಾನು ಈ ಕತೆ ಕೇಳಿರಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ಚಳಿ ಮುಗಿಯುವ ಹೊತ್ತಿಗೆ ಬೆಳಗ್ಗೆ ಬೇಗ ಹಾಡಿಗೆ ಹೋಗಿ ತರಗೆಲೆ ಗುಡಿಸುವುದು ಅವಳ ಮತ್ತು ಅವಳ ಅಕ್ಕನ ಕೆಲಸ. ಹಿಡಿಸೂಡಿಯಲ್ಲಿ ಗುಡಿಸಿ ರಾಶಿ ಮಾಡಿ, ಹೆಡಿಗೆಯಲ್ಲಿ ಕಾಲಿನಿಂದ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುವುದು. ಅರ್ಧ ಹಟ್ಟಿಗೆ, ದನದ ಕಾಲಡಿಗೆ ಹಾಸಲು. ಅದೇ ಮುಂದೆ ಗೊಬ್ಬರವಾಗಿ ಗದ್ದೆಗೆ ಹೋಗುವುದು. ಅರ್ಧ ಬಚ್ಚಲ ಒಲೆಗೆ. ಮಳೆಗಾಲಕ್ಕೆ ಎಂದು ಕೊಟ್ಟಿಗೆಯ ಮೂಲೆಯಲ್ಲಿ ಗುಡ್ಡೆ ಹಾಕಿಡಬೇಕು. ಬೆಳಗ್ಗೆ ಇಬ್ಬನಿ ಇರುವಾಗಲೇ ಹೋಗಬೇಕಂತೆ, ಬಿಸಿಲೇರಿದರೆ ಎಲೆ ಪುಡಿಪುಡಿಯಾಗಿ ಹೆಡಿಗೆಯಲ್ಲಿ ನಿಲ್ಲುವುದಿಲ್ಲ.

“ಆಗ ಎಲೆಯ ಬಣ್ಣ ನೋಡಿದ್ದಿಯಾ ಅಮ್ಮಾ?”

“ಬಣ್ಣ ನೋಡ್ತಾ ಕೂತ್ರೆ ಹೆಡಿಗೆ ತುಂಬ್ತದಾ? ಹಾವು ಉಂಟಾ ಅಂತ ನೋಡ್ಲಿಕ್ಕೆ ಉಂಟಲ್ಲ.”

ಸ್ವಲ್ಪ ಹೊತ್ತು ಬಿಟ್ಟು, “ಅಕ್ಕ ನೋಡ್ತಿದ್ಳು” ಎಂದಳು. ಅಕ್ಕ ಚಂದದ ಎಲೆ ಸಿಕ್ಕಿದರೆ ಜಡೆಗೆ ಸಿಕ್ಕಿಸಿಕೊಳ್ಳುತ್ತಿದ್ದಳಂತೆ. ದೊಡ್ಡಮ್ಮ ಎಂಬವಳೊಬ್ಬಳು ಇದ್ದಳು, ಹದಿನಾರಕ್ಕೇ ಜ್ವರ ಬಂದು ತೀರಿಕೊಂಡಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಅವಳ ಒಂದು ಫೋಟೋ ಕೂಡ ಇಲ್ಲ.

ಆ ಒಂಬತ್ತರಲ್ಲಿ ಒಂದನ್ನು ಅಮ್ಮನೇ ಆರಿಸಿ ಕೊಟ್ಟಳು. ಗೇಣಿಗಿಂತ ಸ್ವಲ್ಪ ಉದ್ದ. ತುದಿಯಲ್ಲಿ ಅಗಲ, ತೊಟ್ಟಿನ ಕಡೆಗೆ ಕಿರಿದು. ನಡುನರ ಹಳದಿ, ಒಂದು ಪಕ್ಕ ದಟ್ಟ ಕೆಂಪು, ಇನ್ನೊಂದು ಪಕ್ಕ ಕಿತ್ತಳೆ, ಅದರ ಅಂಚಿನಲ್ಲಿ ಅಂಗೈಯ ರೇಖೆಯಷ್ಟು ಹಸಿರು ಉಳಿದಿತ್ತು. ಎಡಗಡೆ ಮೂರು ತೂತು. ಬೆನ್ನಲ್ಲಿ ಬಣ್ಣವೇ ಬೇರೆ, ಮಂಕು ಗುಲಾಬಿ.

ಕೂತು ಬರೆಯುವುದೇನೋ ಸರಿ, ಆದರೆ ಎಲೆ ಕಾಯುವುದಿಲ್ಲ. ಕೆಂಪು ಅಂದುಕೊಂಡದ್ದು ಮರುದಿನ ಮಧ್ಯಾಹ್ನಕ್ಕೆ ಕಂದು, ಅಂಚು ಮೇಲಕ್ಕೆ ಮುದುಡಿ ದೋಣಿಯ ಹಾಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆ ಇಟ್ಟೆ. ಅದರಿಂದ ಮೂರು ದಿನ ಸಿಕ್ಕಿತು. ಬೆಳಗ್ಗೆ ಹೊರತೆಗೆದು ಒಂದು ಗಂಟೆ ಬರೆಯುವುದು, ಮತ್ತೆ ಒಳಗಿಡುವುದು. ಸುತ್ತ ರಟ್ಟಿನ ಪೆಟ್ಟಿಗೆಗಳು. ಪಾತ್ರೆ ಕಟ್ಟುವವರು ಬಂದರೆ ನಾಳೆ ಬನ್ನಿ ಎಂದೆ.

ಜಲವರ್ಣದ ತೊಂದರೆ ಮಾಡಿದವರಿಗೇ ಗೊತ್ತು. ಅದರಲ್ಲಿ ಬಿಳಿ ಎಂದರೆ ಕಾಗದವೇ, ಮೊದಲೇ ಬಿಟ್ಟುಕೊಳ್ಳಬೇಕು. ತೆಳು ಬಣ್ಣದಿಂದ ದಟ್ಟಕ್ಕೆ ಹೋಗಬಹುದು, ದಟ್ಟದಿಂದ ತೆಳುವಿಗೆ ಬರಲಾಗದು. ಎಲೆಯ ಹಾಗೆಯೇ ಮೊದಲು ಇಡೀ ಎಲೆಗೆ ಹಳದಿಯ ನೀರು ಬಿಟ್ಟೆ. ಅದು ಪೂರ್ತಿ ಒಣಗುವ ಮೊದಲು ಕಿತ್ತಳೆ, ಒಣಗಿದ ಮೇಲೆ ಕೆಂಪು. ನಡುವೆ ಕೈಕಟ್ಟಿ ಕೂರಬೇಕು. ತರಗತಿಯಲ್ಲಿ ಸರ್ ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು “ಥಾಂಬಾ”. ಮನೆಯಲ್ಲಿ ಆ ಕೆಲಸ ಅಮ್ಮನದಾಯಿತು. ನಾನು ಕುಂಚ ಎತ್ತಿದರೆ ಸಾಕು, “ಒಣಗಿತಾ?” ಎನ್ನುವಳು.

ನಾವು ಮುಂಬಯಿ ಕನ್ನಡಿಗರು ಕುಂಚ ಹಿಡಿದರೆ ಹೆಬ್ಬಾರರ ನೆನಪಾಗದೆ ಇರದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇಲ್ಲಿಗೆ ಬಂದು ಜೆ.ಜೆ. ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಈ ಊರಲ್ಲೇ ಬದುಕು ಮುಗಿಸಿದವರು. ಲಯ ಏನೆಂದು ತಿಳಿಯಲಿಕ್ಕೆ ಕಥಕ್ ಕಲಿತ ಮನುಷ್ಯ. ಅವರ ರೇಖಾಚಿತ್ರದಲ್ಲಿ ಒಂದೇ ಗೆರೆ ಎಲ್ಲೂ ತಡವರಿಸದೆ ಕುಣಿಯುವವಳ ಕತ್ತಿನಿಂದ ಕಾಲಿನ ತನಕ ಇಳಿಯುತ್ತದೆ. ನಾನು ಬಾದಾಮಿ ಎಲೆಯ ಅಂಚಿನ ಗೆರೆಯನ್ನು ಹದಿನೇಳು ಸಲ ತಡವರಿಸಿ ಎಳೆದೆ. ಲೆಕ್ಕ ಅಮ್ಮ ಇಟ್ಟದ್ದು.

ನಾಲ್ಕನೆಯ ದಿನ ಚಿತ್ರ ಮುಗಿಯಿತು. ಮೂರು ತೂತುಗಳನ್ನೂ ಬರೆದಿದ್ದೆ, ತೂತಿನ ಸುತ್ತಲಿನ ಕಪ್ಪು ಉಂಗುರವನ್ನೂ. ಅಮ್ಮ ಎಲೆಯನ್ನು ಕಾಗದದ ಪಕ್ಕ ಇಟ್ಟು ನೋಡಿದಳು. ಅಷ್ಟು ಹೊತ್ತಿಗೆ ನಿಜವಾದ ಎಲೆ ಕಪ್ಪಾಗಿತ್ತು. ಕೊಡೆ, ಕೇಪಳ ಏನೂ ಬರಲಿಲ್ಲ. “ತೊಟ್ಟು ಸಣ್ಣದಾಯ್ತು” ಎಂದಳು. ಹೌದು, ಸಣ್ಣದಾಗಿತ್ತು.

ಸರ್ ನೋಡಿ ಒಪ್ಪಿದರು, ಯಾವ ಕೆಂಪು ಹಾಕಿದಿರಿ ಎಂದು ಕೇಳಿದರು. ಅಲಿಜರಿನ್ ಕ್ರಿಮ್ಸನ್. ಅವರ ಮುಖ ಸಣ್ಣಗಾಯಿತು. ಆ ಬಣ್ಣವನ್ನು ಹಿಂದೆ ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ತೆಗೆಯುತ್ತಿದ್ದರು, 1868ರಲ್ಲಿ ಜರ್ಮನರು ಪ್ರಯೋಗಶಾಲೆಯಲ್ಲಿ ಮಾಡಿದರು. ಎಲ್ಲರಿಗೂ ಇಷ್ಟದ ಬಣ್ಣ, ಆದರೆ ಬೆಳಕಿಗೆ ನಿಲ್ಲುವುದಿಲ್ಲ. ತೆಳುವಾಗಿ ಬಳಿದದ್ದಂತೂ ಬಿಸಿಲು ಬೀಳುವ ಗೋಡೆಯಲ್ಲಿದ್ದರೆ ಕೆಲವು ವರ್ಷಗಳಲ್ಲಿ ಪೇಲವವಾಗುತ್ತದೆ. ಕ್ವಿನಾಕ್ರಿಡೋನ್ ಎಂಬ ಕೆಂಪು ಉಂಟು, ಅದು ಉಳಿಯುತ್ತದೆ, ಬೆಲೆ ಹೆಚ್ಚು ಎಂದರು. ಮತ್ತೊಮ್ಮೆ ಬರೆಯಲೇ ಎಂದು ಅಮ್ಮನನ್ನು ಕೇಳಿದೆ. “ಕೆಲವು ವರ್ಷ ಅಂದ್ರೆ ಎಷ್ಟು?” ಎಂದು ಕೇಳಿದಳು. ಹತ್ತೋ ಹದಿನೈದೋ ಇರಬಹುದು ಎಂದೆ. “ಅಷ್ಟು ಸಾಕು” ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ, ಫ್ರಿಜ್ಜು ಒರೆಸಲು ಹೋದೆ.

ಫೆಬ್ರವರಿ ಕೊನೆಗೆ ಟೆಂಪೋ ಬಂತು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸಾಮಾನು ಹೊರುವ ಇಬ್ಬರು ಹುಡುಗರು ಮೂರು ಮಹಡಿ ಇಳಿಸಿದರು. ತಿರುವು ತಿರುವಿಗೂ ಅವಳು ತುಳುವಿನಲ್ಲಿ ದೈವಗಳನ್ನು ಕರೆಯುತ್ತಿದ್ದಳು, ಹುಡುಗರು ಭೋಜಪುರಿಯಲ್ಲಿ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಅಂಗಳಕ್ಕೆ ಬಂದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದಳು. ಕುರ್ಚಿಯನ್ನು ಮರದ ಬುಡದಲ್ಲಿ ಇಡಿಸಿದಳು. ಮರ ಮುಕ್ಕಾಲು ಬೋಳು, ಕೆಳಗೆ ಕಾಲು ಮುಚ್ಚುವಷ್ಟು ಎಲೆ. ಕಾಂಡದ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಮೇಲೆ ನೋಡುತ್ತಾಳೆ ಎಂದುಕೊಂಡೆ, ನೋಡಲಿಲ್ಲ. ಚಪ್ಪಲಿ ಕಳಚಿ ಪಾದವನ್ನು ಎಲೆಯೊಳಗೆ ಆಡಿಸಿದಳು.

“ಎರಡು ಹೆಡಿಗೆ ಆಗ್ತದೆ” ಎಂದಳು. ಟೆಂಪೋದವನು ಹಾರ್ನ್ ಹೊಡೆದ.

ಚಿತ್ರಕ್ಕೆ ಕಟ್ಟು ಹಾಕಿಸಿ ಬಾಡಿಗೆ ಮನೆಯಲ್ಲಿ, ಬಿಸಿಲು ಬೀಳದ ಗೋಡೆ ನೋಡಿ ಮೊಳೆ ಹೊಡೆಸಿದ್ದೆ. ಎರಡೇ ದಿನ. “ಬಿದ್ದ ಎಲೆ ಗೋಡೆಯಲ್ಲಿ ನಿಲ್ತದಾ?” ಎಂದು ಕೇಳಿ ತೆಗೆಸಿದಳು. ಈಗ ಅದು ಅವಳ ಕುರ್ಚಿಯ ಪಕ್ಕದ ಟೀಪಾಯಿಯ ಮೇಲೆ ಮಲಗಿದೆ. ಗಾಜಿನ ಮೇಲೆ ಮಾತ್ರೆಯ ಡಬ್ಬಿ, ಕನ್ನಡಕ, ಕಷಾಯದ ಲೋಟ. ಲೋಟ ಎತ್ತಿದಾಗೆಲ್ಲ ಎಲೆಯ ಮೇಲೆ ಒಂದು ಒದ್ದೆ ಉಂಗುರ ಇರುತ್ತದೆ, ನಾನು ಒರೆಸುತ್ತೇನೆ. ಲಿಫ್ಟ್ ಇದೆ. ವಾರಕ್ಕೆರಡು ಸಲ ಅಮ್ಮನನ್ನು ಕೆಳಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಅವಳಿಗೆ ಬೋರಂತೆ, ಕುಂಡದಲ್ಲಿ ನೆಟ್ಟ ತಾಳೆ ಗಿಡಗಳನ್ನು ಬಿಟ್ಟರೆ ನೋಡಲಿಕ್ಕೆ ಏನೂ ಇಲ್ಲ ಎನ್ನುತ್ತಾಳೆ. ಟ್ಯಾಂಕಿನ ಮೇಲೆ ಕೂರುವ ಪಾರಿವಾಳಗಳ ವರದಿ ಶುರುವಾಗಿದೆ.

ಯುಗಾದಿ ಕಳೆದು ಒಂದು ವಾರಕ್ಕೆ, ಹಳೆಯ ವಿಳಾಸಕ್ಕೆ ಬಂದಿದ್ದ ಪಿಂಚಣಿಯ ಕಾಗದ ತರಲು ಹೋಗಿದ್ದೆ. ಸುತ್ತ ತಗಡು ನಿಲ್ಲಿಸಿದ್ದಾರೆ. ಕಿಟಕಿಗಳನ್ನೆಲ್ಲ ಕಿತ್ತ ಕಟ್ಟಡ ಹಲ್ಲಿಲ್ಲದ ಬಾಯಿಯ ಹಾಗೆ. ಮರ ಇತ್ತು. ಎಷ್ಟು ದಿನ ಎಂದು ವಾಚ್‌ಮನ್‌ಗೂ ಗೊತ್ತಿಲ್ಲ, ನನ್ನ ಆಕ್ಷೇಪಕ್ಕೆ ಉತ್ತರವೂ ಬಂದಿಲ್ಲ. ಕೊಂಬೆ ಕೊಂಬೆಯ ತುದಿಗೂ ಎಳೆ ಎಲೆಯ ಗೊಂಚಲು, ಬಿಸಿಲು ಒಳಗಿಂದ ಹಾಯುವಷ್ಟು ತೆಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು, “ಚಿಗುರಿತಾ?”

“ಚಿಗುರಿದೆ.”

“ಹಾಗಾದ್ರೆ ಈ ಸಲ ಅದನ್ನು ಬರಿ. ನಿನ್ನ ಡಬ್ಬಿಯಲ್ಲಿ ಹಸಿರು ಟ್ಯೂಬು ಎರಡು ಹಾಗೆಯೇ ಬಿದ್ದಿದೆ, ಒಣಗಿ ಹೋಗ್ತದೆ ಸುಮ್ಮನೆ.”